ಮೊಳೆಯ ಮೇಲಿನ ಪ್ಯಾಟರ್ನ್

“ಹಾಗಾದ್ರೆ ಸತ್ತಿರೋದನ್ನ ತಂದು ನಮಗೆ ಚುಚ್ತಾರಾ?”

ಓವರ್‌ಲಾಕ್ ಯಂತ್ರದಲ್ಲಿ ಬಟ್ಟೆಯ ಅಂಚು ಹೊಲಿಯುವ ಹೆಂಗಸು ಹೀಗೆ ಕೇಳಿದ್ದೇ ತಡ, ಹೊಲಿಗೆ ಕೋಣೆಯಲ್ಲಿ ಡಬ್ಬಿಯಿಂದ ಬಾಯಿಗೆ ಹೋಗುತ್ತಿದ್ದ ಕೈಗಳೆಲ್ಲ ಅರ್ಧದಲ್ಲೇ ನಿಂತವು. ಅವಳನ್ನು ಎಲ್ಲರೂ ಓವರ್‌ಲಾಕಮ್ಮ ಎಂದೇ ಕರೆಯುತ್ತಿದ್ದರು. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅಭ್ಯಾಸವಾಗಿ, ಯಂತ್ರ ನಿಂತಾಗಲೂ ಅವಳ ದನಿ ಇಳಿಯುತ್ತಿರಲಿಲ್ಲ.

“ಸತ್ತಿರೋದು ಅಂದ್ರೆ, ಸಾಯಿಸಿರೋದು,” ಎಂದಳು ಸೊಸೆ. ಹೇಳಿದ ಮೇಲೆ, ಇದರಿಂದ ಏನೂ ಸುಧಾರಿಸಲಿಲ್ಲ ಎಂದು ಅವಳಿಗೇ ಅನ್ನಿಸಿತು.

“ಸತ್ತಿದ್ದೋ ಸಾಯಿಸಿದ್ದೋ, ಹೆಣ ಹೆಣಾನೇ ತಾನೇ?” ಎಂದ ಇಸ್ತ್ರಿಯಣ್ಣ ಮೂಲೆಯಿಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಕಿವಿ ಬಿಸಿಯಾಗಿತ್ತು.

ಕಟಿಂಗ್ ಮಾಸ್ತರರ ಸೊಸೆಯಾದ್ದರಿಂದ ಅವಳು ಆ ಕೋಣೆಗೆಲ್ಲ ಸೊಸೆಯೇ. ಹಗಲು ಕಾಜಾ ಹೊಲಿದು ಗುಂಡಿ ಕೂರಿಸುವ ಕೆಲಸ, ಸಂಜೆ ತರಗತಿ. ಮುಂದಿನ ವಾರದಿಂದ ಪಕ್ಕದ ಬೀದಿಯ ಶಾಲೆಯಲ್ಲಿ ಹೊಸ ವೈರಸ್ಸಿನ ಲಸಿಕೆ ಹಾಕುತ್ತಾರೆಂದು ನರ್ಸಮ್ಮ ಬಂದು ಹೇಳಿಹೋದಾಗ, ಯಜಮಾನರು ಅತ್ತಿತ್ತ ನೋಡದೆ ಅವಳ ಕಡೆ ಬೆರಳು ಮಾಡಿದ್ದರು. “ನೀನು ಓದ್ತಾ ಇದೀಯಲ್ಲಮ್ಮ, ನೀನೇ ಇವರಿಗೆಲ್ಲ ತಿಳಿಸಿ ಹೇಳು.” ಬೇಡ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ಸಂಜೆ ತರಗತಿಯ ಮೇಡಂ ಹತ್ತಿರ ಕೇಳಿ, ಕೇಳಿದ್ದನ್ನು ಮತ್ತೆ ಓದಿ, ಓದಿದ್ದನ್ನು ಪಾತ್ರೆ ತೊಳೆಯುತ್ತ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಈಗ ಬಾಯಿ ಬಿಟ್ಟರೆ ಎಲ್ಲ ಒಂದರ ಮೇಲೊಂದು ಬೀಳುತ್ತಿತ್ತು.

ಅವಳ ಕಣ್ಣು ಮೇಜಿನ ಮೇಲಿದ್ದ ಅರ್ಧ ಹೊಲಿದ ಕೋಟಿನ ಮೇಲೆ ಬಿತ್ತು.

“ಒಬ್ಬ ಕಳ್ಳ ಇದಾನೆ ಅಂತ ಇಟ್ಕೊಳ್ಳಿ,” ಎಂದಳು. “ಯಾವಾಗ್ಲೂ ಒಂದೇ ಥರದ ಕೋಟು ಹಾಕ್ಕೊಂಡು ಬರ್ತಾನೆ. ನಮ್ಮ ಮೈಯೊಳಗೆ ಕಾವಲುಗಾರರು ಇದಾರೆ. ಅವರಿಗೆ ಆ ಕೋಟಿನ ಗುರುತು ಮೊದಲೇ ಗೊತ್ತಿದ್ರೆ ಬಾಗಿಲಲ್ಲೇ ಹಿಡೀತಾರೆ. ಆ ಗುರುತು ಹೇಳಿಕೊಡೋದೇ ಲಸಿಕೆ. ಒಂದು ಥರದ ಲಸಿಕೇಲಿ ಕಳ್ಳನ್ನ ಸಾಯಿಸಿ, ಕೋಟಿನ ಸಮೇತ ತಂದು ತೋರಿಸ್ತಾರೆ. ಇನ್ನೊಂದು ಥರದಲ್ಲಿ ಕಳ್ಳ ಯಾಕೆ ಬೇಕು, ಅವನ ಕಾಲರ್ ಒಂದೇ ಸಾಕು ಅಂತ, ಬೇರೆ ಕಡೆ ಹೊಲಿಸಿ ಬರೀ ಕಾಲರ್ ತಂದು ತೋರಿಸ್ತಾರೆ.”

“ಹೂಂ,” ಎಂದಳು ಓವರ್‌ಲಾಕಮ್ಮ. ತುತ್ತು ಬಾಯಿಗೆ ಹೋಯಿತು.

“ಮೂರನೇದು ಹೊಸ ಥರದ್ದು. ನಮ್ಮ ಶಾಲೆಗೆ ಬರ್ತಾ ಇರೋದು ಅದೇ. ಇದರಲ್ಲಿ ಕಳ್ಳನೂ ಇಲ್ಲ, ಕಾಲರೂ ಇಲ್ಲ. ಕಾಲರಿನ ಪ್ಯಾಟರ್ನ್, ಬಟ್ಟೆ ಮೇಲಿಟ್ಟು ಕತ್ತರಿಸೋ ಆ ಕಾಗದ, ಅದನ್ನ ಮಾತ್ರ ಕಳಿಸ್ತಾರೆ. ಕೊಬ್ಬಿನ ಒಂದು ಸಣ್ಣ ಲಕೋಟೇಲಿ ಇಟ್ಟು. ನಮ್ಮ ಮೈಯೊಳಗೇ ದರ್ಜಿಗಳು ಇದಾರೆ, ಅವರು ಅದನ್ನ ನೋಡಿ ತಾವೇ ಕಾಲರ್ ಹೊಲೀತಾರೆ. ಕಾವಲುಗಾರರು ಬಂದು ನೋಡ್ಕೋತಾರೆ. ನಾಲ್ಕನೇದೂ ಹಾಗೇ, ಪ್ಯಾಟರ್ನೇ. ಆದ್ರೆ ಲಕೋಟೆ ಬದಲು, ಏನೂ ತೊಂದ್ರೆ ಕೊಡದ ಇನ್ನೊಂದು ವೈರಸ್ಸಿನ ಚೀಲದಲ್ಲಿಟ್ಟು ಕಳಿಸ್ತಾರೆ.”

ಒಂದಿಬ್ಬರು ಮೇಜಿನ ಮೇಲಿದ್ದ ಕೋಟಿನ ಕಾಲರ್ ಕಡೆ ನೋಡಿದರು. ಆಮೇಲೆ ಇಸ್ತ್ರಿಯಣ್ಣ, “ಮೈಯೊಳಗಿನ ದರ್ಜಿಗೂ ಓವರ್‌ಟೈಮ್ ಕೊಡಲ್ವೋ ಏನೋ!” ಎಂದ. ನಗು ಎದ್ದಿತು, ಮಾತು ಎದ್ದಿತು, ಕಾಲರ್ ಹೊಲಿಯುವ ಹುಡುಗಿಗೆ “ಒಳಗೂ ನಿಂದೇ ಕೆಲಸ ನೋಡು” ಎಂದು ಯಾರೋ ಚುಡಾಯಿಸಿದರು. ಪ್ಯಾಟರ್ನ್ ಎಂದ ಕೂಡಲೇ ಎಲ್ಲರಿಗೂ ಹೊಳೆದಿತ್ತು. ಸೊಸೆ ಕುಳಿತು ನೀರು ಕುಡಿದಳು. ಆ ಗದ್ದಲದಲ್ಲಿ ಮಾವ ತಮ್ಮ ಡಬ್ಬಿಯ ಮುಚ್ಚಳ ಹಾಕಿ, ಊಟ ಅರ್ಧಕ್ಕೇ ಬಿಟ್ಟು ಕತ್ತರಿಸುವ ಮೇಜಿನತ್ತ ಎದ್ದುಹೋದದ್ದನ್ನು ಅವಳು ನೋಡಿದಳು. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡಳು.

ಮುಂದಿನ ವಾರ ಕೋಣೆಯವರೆಲ್ಲ ಸರದಿಯಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು. ಓವರ್‌ಲಾಕಮ್ಮ ತೋಳು ಹಿಡಿದುಕೊಂಡು, “ಒಳಗೆ ಮೆಷಿನ್ ಶುರುವಾಗಿದೆ ಕಣ್ರೇ, ದಡದಡ ಅಂತಿದೆ,” ಎಂದು ಎರಡು ದಿನ ಹೇಳಿದಳು. ಸೊಸೆಯೂ ಹಾಕಿಸಿಕೊಂಡಳು. ಮಾವ ಮಾತ್ರ ಹೋಗಲಿಲ್ಲ.

“ಈಗ ಕೈ ತುಂಬ ಕೆಲಸ, ಆಮೇಲೆ ನೋಡ್ತೀನಿ,” ಎಂದರು ಮೊದಲು. ಮಗ ಕೇಳಿದ್ದಕ್ಕೆ, “ನನ್ನ ಗಟ್ಟಿ ಜೀವಕ್ಕೆ ಏನೂ ಆಗಲ್ಲ,” ಎಂದರು. ಮಗನೂ ಹಟಮಾರಿ, ಅಪ್ಪನೂ ಹಟಮಾರಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಆ ಮಾತು ಅಲ್ಲಿಗೇ ನಿಂತಿತು.

ಹಾಗೆ ನಿಲ್ಲುವ ಮಾತಾಗಿರಲಿಲ್ಲ ಅದು. ಮಾವನ ಅಕ್ಕ ಊರಿನ ಆಚೆ ತುದಿಯ ಆರೈಕೆ ಕೇಂದ್ರದಲ್ಲಿದ್ದಳು. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಅಲ್ಲಿಗೆ ಕಳಿಸಿದ್ದರು. ತಾಯಿ ಇಲ್ಲದ ತಮ್ಮನನ್ನು ಬೆಳೆಸಿದವಳು, ಅವನ ಕೈಗೆ ಮೊದಲು ಕತ್ತರಿ ಕೊಟ್ಟವಳು ಅವಳೇ. ಕೇಂದ್ರದ ಗೇಟಿನಲ್ಲಿ ಬೋರ್ಡು ಹಾಕಿದ್ದರು. ಲಸಿಕೆ ಪೂರ್ತಿಯಾದ ಮಕ್ಕಳು ಇಲ್ಲವೇ ಒಡಹುಟ್ಟಿದವರು, ಒಬ್ಬರಿಗೆ ಮಾತ್ರ ಒಳಗೆ ಪ್ರವೇಶ. ಅಕ್ಕನಿಗಿದ್ದದ್ದು ತಮ್ಮನೊಬ್ಬನೇ. ಉಳಿದವರು ಬೀದಿಯಲ್ಲಿ ನಿಂತು ಮೇಲಿನ ಕಿಟಕಿ ನೋಡಬೇಕು.

ಭಾನುವಾರ ಮಾವ, ಸೊಸೆ ಇಬ್ಬರೂ ಹೋದರು. ಗಾಲಿಕುರ್ಚಿಯಲ್ಲಿ ಅಕ್ಕನನ್ನು ಕಿಟಕಿಯ ಹತ್ತಿರ ತಂದು ನಿಲ್ಲಿಸಿದ್ದರು. ಅವಳು ಕೈ ಎತ್ತಿದಳು. ಗಾಜಿನ ಹಿಂದೆ ಅದು ಎಷ್ಟು ಸಣ್ಣ ಕೈ ಎಂದು ಸೊಸೆಗೆ ಅನ್ನಿಸಿತು. ಅಕ್ಕ ಬಾಗಿಲ ಕಡೆ ಬೆರಳು ತೋರಿಸಿ, ಮತ್ತೆ ತಮ್ಮನ ಕಡೆ ತೋರಿಸಿ, ಕೈ ಮಡಚಿ ಕರೆದಳು. ಬಾರೋ, ಮೇಲೆ ಬಾ. ಮಾವ ಕೆಳಗಿನಿಂದ ಸುಮ್ಮನೆ ತಲೆಯಾಡಿಸಿದರು. ಬರುತ್ತೇನೆ ಎಂದೋ ಆಗುವುದಿಲ್ಲ ಎಂದೋ ಅದರಿಂದ ತಿಳಿಯುವಂತಿರಲಿಲ್ಲ.

ಅಕ್ಕನನ್ನು ನೋಡಿಕೊಳ್ಳುವ ಹೆಂಗಸು ಒಂದು ಚೀಲ ಹಿಡಿದು ಗೇಟಿಗೆ ಬಂದಳು. ಹೋದ ವಾರ ಮಾವ ಹೊಲಿದು ಕೊಟ್ಟಿದ್ದ ಮುಂದೆ ಗುಂಡಿಯ ನಿಲುವಂಗಿ ಅದರಲ್ಲಿತ್ತು.

“ತಪ್ಪು ತಿಳ್ಕೋಬೇಡಿ. ಹೊಲಿಗೆ ಬಹಳ ಚೆನ್ನಾಗಿದೆ. ಆದ್ರೆ ಇವರ ಜೊತೆ ಇನ್ನೊಬ್ರು ಕೂರಬಹುದು ಇದರೊಳಗೆ. ಭುಜದಿಂದ ಜಾರಿ ಜಾರಿ ಬೀಳುತ್ತೆ.”

ಮಾವ ಅಂಗಿಯನ್ನು ಕೈಯಲ್ಲಿ ಹಿಡಿದು ನೋಡಿದರು. “ಅವಳ ಅಳತೆಯಲ್ಲೇ ಕತ್ತರಿಸಿದ್ದು,” ಎಂದರು.

“ಯಾವ ಕಾಲದ ಅಳತೆಯೋ! ಬೇಕಾದ್ರೆ ನಾನು ಟೇಪು ಹಿಡಿದು ಬರ್ಕೊಂಡು ಬರ್ತೀನಿ.”

“ಬೇಡಮ್ಮ. ಇನ್ನೊಬ್ರು ತೆಗೆದ ಅಳತೆಗೆ ನಾನು ಕತ್ತರಿ ಹಾಕಲ್ಲ.”

ಆ ಹೆಂಗಸು ಹೋಗುವ ಮೊದಲು ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದಳು. “ಊಟಾನೇ ಬಿಟ್ಬಿಟ್ಟಿದಾರೆ ಕಣ್ರೀ. ಚಮಚ ಕಂಡ್ರೆ ಗೋಡೆ ಕಡೆ ತಿರುಗ್ತಾರೆ. ಬೇರೆಯವರಿಗೆಲ್ಲ ಮನೆಯವರು ಬಂದು ಕೂತ್ಕೋತಾರಲ್ಲ, ಅದನ್ನ ನೋಡ್ತಾರೆ. ನಿಮ್ಮ ಮಾವ ಒಂದಿನ ಪಕ್ಕದಲ್ಲಿ ಕೂತು ಎರಡು ತುತ್ತು ಕೊಟ್ರೆ ದಾರಿಗೆ ಬರ್ತಾರೆ. ತಡ ಮಾಡ್ಬೇಡಿ.”

ಮರುದಿನ ಎಲ್ಲರೂ ಚಹಾಕ್ಕೆ ಹೊರಗೆ ಹೋದಾಗ, ಸೊಸೆ ಕತ್ತರಿಸುವ ಮೇಜಿನ ಹತ್ತಿರ ಬಂದು ನಿಂತಳು. ಮೇಜಿನ ಹಿಂದಿನ ಗೋಡೆಗೆ ಸಾಲು ಮೊಳೆ. ಪ್ರತಿ ಮೊಳೆಗೂ ಕಂದು ಕಾಗದದ ಪ್ಯಾಟರ್ನುಗಳ ಗೊಂಚಲು. ತೋಳು, ಬೆನ್ನು, ಕಾಲರ್, ಜೇಬು. ಕೆಲವಕ್ಕೆ ಅಂಚು ನುಸಿ ತಿಂದಂತಾಗಿತ್ತು. ಎಲ್ಲಕ್ಕಿಂತ ಒಳಗಿನ ಮೊಳೆಯಲ್ಲಿ ತೂಗಿದ್ದು ಅಕ್ಕನದು. ಆ ಅಗಲದ ಭುಜ ಅವಳಿಗೆ ಇದ್ದದ್ದು ಯಾವಾಗಲೋ.

“ಮಾವ, ಸೂಜಿಗೆ ಹೆದರ್ತೀರಾ?”

“ದಿನಾ ಚುಚ್ಚಿಸ್ಕೊಳ್ಳೋನು ನಾನು. ನನಗೇನು ಸೂಜಿ?”

“ಮತ್ತೆ?”

ಮಾವ ಟೇಪನ್ನು ಕತ್ತಿನಿಂದ ತೆಗೆದು ಸುತ್ತಿದರು, ಬಿಚ್ಚಿದರು. “ನೀನೇ ಹೇಳಿದ್ಯಲ್ಲಮ್ಮ. ಪ್ಯಾಟರ್ನ್ ಕಳಿಸ್ತಾರೆ ಅಂತ.”

“ಹೌದು.”

“ಪ್ಯಾಟರ್ನ್ ಅಂದ್ರೆ ಏನು ಅಂತ ನನಗೆ ಗೊತ್ತು. ಆ ಗೋಡೆ ನೋಡು. ನಾನು ಈ ಕೋಣೆಗೆ ಬಂದಾಗಿಂದ ಒಂದನ್ನಾದ್ರೂ ಎಸೆದಿದೀನಾ? ಯಾವ ದರ್ಜಿ ಎಸೀತಾನೆ? ನೀನು ಮದುವೆಯಾಗಿ ಬರೋಕೆ ಮುಂಚೆ ಒಂದು ಕಾಲರಿನ ಪ್ಯಾಟರ್ನಲ್ಲಿ ಹೊಲಿಗೆಗೆ ಬಿಡೋ ಅಂಚು ಬಿಟ್ಟಿರಲಿಲ್ಲ. ನನ್ನದೇ ತಪ್ಪು. ಗೊತ್ತಾದ ದಿನಾನೇ ಸರಿಯಾದ್ದು ಕತ್ತರಿಸಿ ಮುಂದೆ ತೂಗಿಹಾಕಿದೆ. ಹಳೇದು ಹಿಂದೆ ಇತ್ತು. ಎಷ್ಟೋ ವರ್ಷ ಆದ್ಮೇಲೆ ನಾನು ಜ್ವರ ಬಂದು ಮಲಗಿದ್ದಾಗ ಯಾರೋ ಅದನ್ನೇ ಎತ್ಕೊಂಡು ಒಂದಿಡೀ ಶಾಲೆಯ ಅಂಗಿ ಕತ್ತರಿಸಿಬಿಟ್ರು. ಮಕ್ಕಳೆಲ್ಲ ಆಮೆ ಥರ ಕತ್ತು ಚಾಚ್ಕೊಂಡು ನಿಂತಿದ್ವು.” ಅವರು ನಗಲಿಲ್ಲ. “ಒಳಗೆ ಬಂದ ಪ್ಯಾಟರ್ನ್ ಒಳಗೇ ಇರುತ್ತೆ. ಇವತ್ತಲ್ಲ ನಾಳೆ ಯಾರ ಕೈಗಾದ್ರೂ ಸಿಗುತ್ತೆ. ಕಳ್ಳನ ಪ್ಯಾಟರ್ನನ್ನ ನನ್ನ ಮೈಯಲ್ಲಿ ತೂಗಿಹಾಕ್ಕೊಂಡು ತಿರುಗ್ಲಾ? ಸತ್ತಿರೋದು ಬರ್ಲಿ, ಹಾಕಿಸ್ಕೋತೀನಿ. ಸತ್ತಿದ್ದಾದ್ರೆ ಸತ್ತಿತು, ಅಲ್ಲಿಗೆ ಮುಗೀತು.”

ಸತ್ತದ್ದು ಈ ಊರಿಗೆ ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ, ನರ್ಸಮ್ಮನಿಗೇ ಗೊತ್ತಿರಲಿಲ್ಲ. ಕಿಟಕಿಯಲ್ಲಿ ಕಂಡ ಕೈ ಸೊಸೆಯ ಕಣ್ಣಿಗೆ ಕಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಡೀ ಕೋಣೆಯನ್ನು ಶಾಲೆಗೆ ಕಳಿಸಿದ ಅದೇ ಮಾತು ಇವರೊಬ್ಬರನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಿತ್ತು. ಬೇರೆ ಯಾರೇ ಆಗಿದ್ದರೂ ಪ್ಯಾಟರ್ನ್ ಎಂದರೆ ಒಂದು ಚೂರು ಕಾಗದ ಎಂದುಕೊಂಡು ಬಿಡುತ್ತಿದ್ದರು.

ಸಂಜೆ ತರಗತಿ ಮುಗಿದ ಮೇಲೆ ಅವಳು ಮೇಡಂ ಹಿಂದೆಯೇ ಮೆಟ್ಟಿಲಿಳಿದಳು.

“ನನ್ನಿಂದ ಒಂದು ತಪ್ಪಾಗಿದೆ ಮೇಡಂ.” ಎಲ್ಲ ಹೇಳಿದಳು.

ಮೇಡಂ ಚೀಲವನ್ನು ಕಟ್ಟೆಯ ಮೇಲಿಟ್ಟು ಕೇಳಿಸಿಕೊಂಡರು. “ನೀವು ಹೇಳಿದ್ದು ಪೂರ್ತಿ ತಪ್ಪಲ್ಲ. ಅರ್ಧ ಹೇಳಿ ನಿಲ್ಲಿಸಿದೀರಿ. ಆ ಸಂದೇಶ ಒಳಗೆ ಉಳಿಯೋದೇ ಇಲ್ಲ. ಕೆಲವು ದಿನದಲ್ಲಿ ಮೈಯೇ ಅದನ್ನ ಚೂರು ಚೂರು ಮಾಡಿ ಹಾಕುತ್ತೆ. ಅಷ್ಟು ನಾಜೂಕು, ಅದಕ್ಕೇ ಅಷ್ಟೊಂದು ತಣ್ಣಗೆ ಇಡೋದು. ನಮ್ಮ ಜೀವಕೋಶದ ನಡುಮನೆ ಇದೆಯಲ್ಲ, ನಮ್ಮ ಸ್ವಂತ ಬರಹ ಇರೋ ಕಡೆ, ಅಲ್ಲಿಗೆ ಅದು ಹೋಗೋದೂ ಇಲ್ಲ. ಉಳಿಯೋದು ಗುರುತು ಮಾತ್ರ.” ಆಮೇಲೆ ನಕ್ಕು, “ಹೋಲಿಕೆ ಅಂದ್ರೆ ಬಾಡಿಗೆ ಸೈಕಲ್ ಇದ್ದ ಹಾಗೆ. ಎಲ್ಲೋ ಒಂದು ಕಡೆ ಚೈನ್ ಕಳಚುತ್ತೆ. ಇಳಿದು ತಳ್ಕೊಂಡು ಹೋಗ್ಬೇಕು,” ಎಂದರು.

ಬಸ್ಸಿನಲ್ಲಿ ಅವಳು ಹೊಸ ಹೋಲಿಕೆಗಳನ್ನು ಹುಡುಕಿದಳು. ಗಾಳಿಯಲ್ಲಿ ಆರಿಹೋಗುವ ನೀರಿನ ಬರಹ. ಸುಟ್ಟುಹೋಗುವ ಚೀಟಿ. ಒಂದೊಂದರಲ್ಲೂ ಮಾವ ಎಲ್ಲಿ ಬೆರಳಿಡುತ್ತಾರೆ ಎಂದು ಅವಳಿಗೆ ಮೊದಲೇ ಕಾಣುತ್ತಿತ್ತು. ಮತ್ತೊಂದು ಅರ್ಧ ಸತ್ಯ ಹೇಳಿಬಿಟ್ಟರೆ? ತನಗೇ ಪೂರ್ತಿ ತಿಳಿಯದ್ದನ್ನು ಇನ್ನೊಬ್ಬರಿಗೆ ತಿಳಿಸಲು ಹೊರಟದ್ದೇ ತಪ್ಪೇನೋ. ಇಳಿಯಬೇಕಾದ ನಿಲ್ದಾಣ ದಾಟಿಹೋಗಿ, ಒಂದು ನಿಲ್ದಾಣ ಹಿಂದಕ್ಕೆ ನಡೆದು ಮನೆ ಸೇರಿದಳು.

ಬೆಳಿಗ್ಗೆ ಕೋಣೆಗೆ ಬಂದಾಗ ಮಾವ ಅಕ್ಕನ ನಿಲುವಂಗಿಯನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು. ಅಳತೆಯಿಲ್ಲದೆ, ಅಂದಾಜಿಗೆ ಭುಜ ಕಿರಿದು ಮಾಡುವ ಕೆಲಸ. ಸೀಮೆಸುಣ್ಣದ ತುಣುಕಿನಿಂದ ಒಂದು ಗೆರೆ ಎಳೆದು, ದೂರ ನಿಂತು ನೋಡಿ, ಅಂಗೈಯಿಂದ ಒರೆಸಿ, ಮತ್ತೆ ಎಳೆಯುತ್ತಿದ್ದರು.

“ಮಾವ, ನಾನು ಅವತ್ತು ಸರಿಯಾಗಿ ಹೇಳ್ಲಿಲ್ಲ,” ಎಂದಳು ಸೊಸೆ. “ಅದು ಪ್ಯಾಟರ್ನ್ ಅಲ್ಲ. ಒಳಗೆ ಉಳಿಯೋದಿಲ್ಲ. ಕೆಲವು ದಿನದಲ್ಲಿ ಮೈಯೇ ಅದನ್ನ ಅಳಿಸಿಹಾಕುತ್ತೆ. ಪ್ಯಾಟರ್ನ್ ಅಂತ ಹೇಳಿದ್ದು ನನ್ನ ತಪ್ಪು.”

“ಪ್ಯಾಟರ್ನ್ ಅಲ್ಲದಿದ್ರೆ ಏನು?”

ಬಸ್ಸಿನಲ್ಲಿ ಹುಡುಕಿದ ಒಂದೂ ನಾಲಿಗೆಗೆ ಬರಲಿಲ್ಲ. ಅವರ ಕೈಯನ್ನೇ ನೋಡುತ್ತ ನಿಂತಳು. ಅವರು ಇನ್ನೊಂದು ಗೆರೆ ಎಳೆದರು. ಇದು ಒಪ್ಪಿಗೆಯಾಗಿರಬೇಕು, ಒರೆಸಲಿಲ್ಲ. ಯಂತ್ರಕ್ಕೆ ಕೊಟ್ಟು ಗೆರೆಯ ಮೇಲೇ ಹೊಲಿದರು, ಎದ್ದುಹೋಗಿ ಇಸ್ತ್ರಿಯಣ್ಣನ ಮುಂದೆ ಇಟ್ಟರು. ಅವನು ಬ್ರಷ್ಷಿನಿಂದ ಎರಡು ಸಲ ಬಡಿದು ಇಸ್ತ್ರಿಪೆಟ್ಟಿಗೆ ಎಳೆದ. ಬಿಳಿ ಗೆರೆ ಇದ್ದ ಕಡೆ ಹೊಲಿಗೆ ಮಾತ್ರ ಉಳಿಯಿತು.

“ಇದು,” ಎಂದಳು ಸೊಸೆ.

“ಯಾವುದು?”

“ಸೀಮೆಸುಣ್ಣ.”

ಮಾವ ಅಂಗಿಯನ್ನು ನೋಡಿದರು, ತಮ್ಮ ಬೆರಳಿನ ಬಿಳಿ ಪುಡಿ ನೋಡಿದರು. ತಕ್ಷಣ ಒಪ್ಪುವ ಜನವಲ್ಲ ಅವರು. “ಬಣ್ಣದ ಸೀಮೆಸುಣ್ಣ ಕಲೆ ಬಿಡುತ್ತೆ,” ಎಂದರು. “ಎಷ್ಟು ಉಜ್ಜಿದ್ರೂ ಹೋಗಲ್ಲ.”

“ಇದು ಬಿಳೀದು ಅಂತಾರೆ.”

“ಯಾರು ಅಂತಾರೆ?”

“ನೋಡಿದೋರು. ಅದೇ ಕೆಲಸ ಮಾಡೋರು.” ಅವಳು ತಡೆದಳು. “ನಾನು ನೋಡಿಲ್ಲ ಮಾವ. ನನಗೆ ಗೊತ್ತಿರೋದು ಇಷ್ಟೇ.”

“ಗೆರೆ ಹೋಯ್ತು, ಹೊಲಿಗೆ ಉಳೀತಲ್ಲ, ಅದು ಏನು?”

“ನಾನು ಹೊಲಿಗೆ ಅನ್ಲಿಲ್ಲ. ನೀವೇ ಅಂದ್ರಿ.”

“ಯಾರೋ ಒಬ್ರು ಅಂದ್ವಿ. ಏನು ಅದು?”

“ಕಾವಲುಗಾರರ ನೆನಪು. ಕಾಲರಿನ ಗುರುತು.”

“ಅದು ಬಿಚ್ಚಿಹೋದ್ರೆ?”

“ಬಿಚ್ಚಬಹುದು. ಮತ್ತೊಂದು ಸಲ ಹಾಕಿಸ್ಕೋಬೇಕಾಗಬಹುದು. ಎಷ್ಟು ದಿನ ಗಟ್ಟಿ ಅಂತ ಅವರಿಗೂ ಇನ್ನೂ ಪೂರ್ತಿ ಗೊತ್ತಿಲ್ವಂತೆ. ಜ್ವರ ಬರಬಹುದು, ಮೈಕೈ ನೋಯಬಹುದು. ಕೋಟ್ಯಂತರ ಜನಕ್ಕೆ ಹಾಕಿರೋದ್ರಲ್ಲಿ ಅಪರೂಪಕ್ಕೆ ಯಾರಿಗಾದ್ರೂ ಹೆಚ್ಚಿನ ತೊಂದರೆ ಆಗೋದೂ ಉಂಟು. ಅದಕ್ಕೇ ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಕೂರಿಸ್ಕೋತಾರೆ. ಇದನ್ನೆಲ್ಲ ಅವತ್ತೇ ಹೇಳ್ಬೇಕಿತ್ತು. ನನಗೆ ಭಯ ಆಯ್ತು, ಎಲ್ಲಾ ಎದ್ದುಹೋಗ್ತಾರೇನೋ ಅಂತ.”

ಇಸ್ತ್ರಿಯಣ್ಣ ಪೆಟ್ಟಿಗೆಯನ್ನು ನಿಲ್ಲಿಸಿ, “ಮಾಸ್ತ್ರೇ, ನನಗೆ ಜ್ವರ ಬಂತು. ಹೆಂಡ್ತಿ ಎರಡು ದಿನ ರಾಜನ ಹಾಗೆ ನೋಡ್ಕೊಂಡ್ಲು. ಅದನ್ನೂ ಲೆಕ್ಕಕ್ಕೆ ಹಿಡೀರಿ,” ಎಂದ.

“ನಿನ್ನ ಬಾಯಿಗೆ ಇಸ್ತ್ರಿ ಹಾಕೋರು ಯಾರೂ ಇಲ್ವಲ್ಲ,” ಎಂದರು ಮಾವ. ಆಮೇಲೆ ತಮ್ಮ ಮೇಜಿಗೆ ಹೋದರು.

ಆ ದಿನವೆಲ್ಲ ಅವರು ಬಟ್ಟೆ ಕತ್ತರಿಸುತ್ತಲೇ ಇದ್ದರು. ಸೊಸೆ ಒಂದೇ ಅಂಗಿಗೆ ಎರಡು ಕಾಜಾ ಅಡ್ಡಾದಿಡ್ಡಿ ಹೊಲಿದು ಬಿಚ್ಚಿದಳು. ಅಪರೂಪದ ತೊಂದರೆಯ ಮಾತು ಎತ್ತಬಾರದಿತ್ತು ಎಂದು ಒಮ್ಮೆ ಅನ್ನಿಸಿತು. ಎತ್ತದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು ಎಂದು ಇನ್ನೊಮ್ಮೆ. ಸಂಜೆ ಎಲ್ಲರೂ ಹೊರಡುವಾಗ ಮಾವ ಇನ್ನೂ ಯಂತ್ರದ ಮುಂದೆ ಇದ್ದರು. ಅವರ ಎದುರಿಗಿದ್ದದ್ದು ಯಾವ ಗಿರಾಕಿಯದೂ ಅಲ್ಲ, ಅವರದೇ ಹಳೆಯ ಬಿಳಿ ಅಂಗಿ. ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿಯ ಹೊರತು ಬೇರೆ ಏನನ್ನೂ ತೊಟ್ಟವರಲ್ಲ. ಎಡತೋಳು ಮೊಣಕೈಗಿಂತ ಮೇಲೆ ಕತ್ತರಿಸಿಯಾಗಿತ್ತು. ಅಂಚು ಮಡಚಿ, ಅದನ್ನು ಅಚ್ಚುಕಟ್ಟಾಗಿ ಹೊಲಿಯುತ್ತಿದ್ದರು.

“ಬಲಗೈ ಕತ್ತರಿಗೆ ಬೇಕು,” ಎಂದರು ತಲೆ ಎತ್ತದೆ. “ಎಡಗೈಗೆ ಹಾಕ್ತಾರೆ ತಾನೇ?”

“ಹೇಳಿದ್ರೆ ಹಾಕ್ತಾರೆ, ಮಾವ.”

“ಹಾಗಾದ್ರೆ ಬಲದ ತೋಳು ಹಾಗೇ ಇರ್ಲಿ.”

ನಾಳೆ ಆ ಅಂಗಿಯಲ್ಲಿ ಅವರನ್ನು ನೋಡಿ ಓವರ್‌ಲಾಕಮ್ಮ ಏನೆಲ್ಲ ಅನ್ನುತ್ತಾಳೋ ಎಂದುಕೊಂಡು ಸೊಸೆಗೆ ನಗು ಬಂತು. ನಗಲಿಲ್ಲ. ಅವರ ಪಕ್ಕದಲ್ಲಿ ಕುಳಿತು, ಕತ್ತರಿಸಿ ಬಿದ್ದಿದ್ದ ತೋಳಿನ ತುಂಡಿನಿಂದ ಗುಂಡಿಗಳನ್ನು ಬಿಡಿಸಿ ಡಬ್ಬಿಗೆ ಹಾಕಿದಳು.

ಎರಡನೆಯ ಚುಚ್ಚುಮದ್ದೂ ಆಗಿ, ಕಾಯಬೇಕಾದ ದಿನಗಳೂ ಕಳೆದ ಮೇಲೆ ಒಂದು ಭಾನುವಾರ ಗೇಟಿನವನು ಮಾವನನ್ನು ಒಳಗೆ ಬಿಟ್ಟ. ಸೊಸೆ ಬೀದಿಯಲ್ಲೇ, ಎಂದಿನ ಜಾಗದಲ್ಲಿ ನಿಂತಳು. ಹೊರಡುವ ಮುಂಚೆ ಮಾವ ಒಳಗಿನ ಮೊಳೆಯಿಂದ ಅಕ್ಕನ ಪ್ಯಾಟರ್ನನ್ನು ತೆಗೆದು ಚೀಲಕ್ಕೆ ಹಾಕಿಕೊಂಡಿದ್ದನ್ನು ಅವಳು ನೋಡಿದ್ದಳು. ಆಮೇಲೆ ಏನನ್ನಿಸಿತೋ, ಅದನ್ನು ವಾಪಸ್ಸು ತೆಗೆದು ಮೊಳೆಗೇ ತೂಗಿಹಾಕಿ, ಟೇಪು ಮತ್ತು ಅಂಗಿ ಮಾತ್ರ ಇಟ್ಟುಕೊಂಡಿದ್ದರು.

ಮೇಲಿನ ಕಿಟಕಿಯಲ್ಲಿ ಮೊದಲು ಗಾಲಿಕುರ್ಚಿ ಬಂತು. ಆಮೇಲೆ ಮಾವ ಬಂದರು. ಅಕ್ಕ ಅವರ ಎಡತೋಳು ಹಿಡಿದು, ಕತ್ತರಿಸಿದ ಅಂಗಿಯ ಅಂಚನ್ನು ತಿರುವಿ ನೋಡುತ್ತಿದ್ದಳು. ಹೊಲಿಗೆ ಹೇಗಿದೆ ಎಂದು. ಏನೋ ಬೈದಳು. ಮಾವ ಬಗ್ಗಿ ಕೇಳಿಸಿಕೊಂಡರು. ಪಕ್ಕದ ಮೇಜಿನ ಮೇಲೆ ಒಂದು ಬಟ್ಟಲಿತ್ತು, ಅದರಲ್ಲಿ ಚಮಚ. ಅದರಲ್ಲಿ ಎಷ್ಟು ಖಾಲಿಯಾಗಿದೆ ಎಂದು ಬೀದಿಯಿಂದ ಕಾಣುವಂತಿರಲಿಲ್ಲ.

ಅವರು ನಿಲುವಂಗಿಯನ್ನು ಅಕ್ಕನ ಭುಜಕ್ಕೆ ಹಿಡಿದರು. ಅಂದಾಜಿಗೆ ಹಾಕಿದ್ದ ಹೊಲಿಗೆ ಇನ್ನೂ ಸಡಿಲವೇ. ಜೇಬಿನಿಂದ ಸೀಮೆಸುಣ್ಣ ತೆಗೆದು, ಕತ್ತಿನ ಬುಡದಿಂದ ಭುಜದ ಮೂಳೆಯವರೆಗೆ ಒಂದು ಗೆರೆ ಎಳೆದರು. ಅಕ್ಕ ಕತ್ತು ಬಾಗಿಸಿ ಅದನ್ನು ನೋಡಿದಳು. ಅಲ್ಲ ಎಂದು ತಲೆಯಾಡಿಸಿದಳು. ಹೆಬ್ಬೆರಳಿನಿಂದ ಉಜ್ಜಿ ಅಳಿಸಿಬಿಟ್ಟು, ಅದಕ್ಕಿಂತ ಸ್ವಲ್ಪ ಒಳಗೆ ಬೆರಳಿಟ್ಟು ತೋರಿಸಿದಳು.

ಮಾವ ಅವಳ ಬೆರಳಿದ್ದ ಕಡೆ ಮತ್ತೆ ಗೆರೆ ಎಳೆದರು.